ಕಾಲಿಗೆ ತಿಳಿಯಬೇಕು

ಹದಿನಾರು ವರ್ಷ ಒಂದೇ ಹಳೆಯ ಕಾರು ಓಡಿಸಿದವನ ಕೈಗೆ ಟರ್ಬೊ ಕಾರು ಕೊಟ್ಟರೆ ಮೊದಲ ಅವಮಾನ ಏರಿನಲ್ಲಿ ಆಗುತ್ತದೆ. ನನಗೂ ಅಲ್ಲೇ ಆಯಿತು. ಕೃಷ್ಣಗಿರಿಯಿಂದ ಹೊಸೂರಿಗೆ ವಾಪಸ್ ಬರುವಾಗ ದಾರಿಯಲ್ಲೊಂದು ಉದ್ದನೆಯ ಏರು ಇದೆ. ಹಳೆಯ ಅಭ್ಯಾಸದಂತೆ ಬೇಗಬೇಗ ಗೇರು ಏರಿಸಿ ಐದಕ್ಕೆ ಹಾಕಿಕೊಂಡು ಕೂತಿದ್ದೆ. ಎಂಜಿನ್ ಗೊರಗೊರ ಎಂದಿತು. ಎಷ್ಟು ಒತ್ತಿದರೂ ಕಾರು ಏಳಲಿಲ್ಲ. ಮಾವಿನಕಾಯಿ ಹೇರಿಕೊಂಡಿದ್ದ ಮಿನಿ ಲಾರಿಯೊಂದು ಹಾರ್ನ್ ಹೊಡೆದು ನನ್ನನ್ನು ದಾಟಿ ಹೋಯಿತು. ಹೊಸ ಕಾರು ತಗೊಂಡವನಿಗೆ ಇದಕ್ಕಿಂತ ಮರ್ಯಾದೆ ಬೇಕೆ?

"ನಾಲ್ಕಕ್ಕೆ ಇಳಿಸ್ರೀ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಅವಳು ಕೃಷ್ಣಗಿರಿಯಲ್ಲಿ ಸ್ಕೂಲ್ ಟೀಚರು, ನಾನು ಅಲ್ಲೇ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ದಿನಾ ಹೋಗುತ್ತಾ ಬರುತ್ತಾ ಎಡಗಡೆ ಸೀಟಿನಲ್ಲಿ ಕೂತೇ ಅವಳು ಗೇರಿನ ವಿದ್ಯೆಯನ್ನೆಲ್ಲ ಕಿವಿಯಿಂದ ಕಲಿತುಬಿಟ್ಟಿದ್ದಳು. ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ, ತಲೆ ಎತ್ತದೆ, "ಈಗ," ಅನ್ನುತ್ತಿದ್ದಳು. ನಾನು ಬೇಕೆಂತಲೇ ಎರಡು ಕ್ಷಣ ತಡೆದು ಹಾಕುತ್ತಿದ್ದೆ. ಹೆಂಡತಿ ಹೇಳಿದಳೆಂದು ಗೇರು ಬದಲಿಸಿದೆ ಎಂದಾಗಬಾರದಲ್ಲ.

ಆ ಏರಿನ ಅವಮಾನದ ಮೇಲೆ ಹೊಸೂರಿನಲ್ಲಿ ಗುರುತಿನ ಮೆಕ್ಯಾನಿಕ್ ಹತ್ತಿರ ಹೋದೆ. ಕೈ ಒರೆಸಿಕೊಳ್ಳುತ್ತಾ ಪಾಠ ಮಾಡಿದ.

"ಸಾರ್, ಇದು ಹಳೇ ವಂಡಿ ಇದ್ದಂಗಲ್ಲ. ಟರ್ಬೋ ತೂಕಡಿಸ್ತಾ ಇರ್ತದೆ. ಆರ್‌ಪಿಎಂ ಮೀಟರಿನ ಮುಳ್ಳು ಎರಡು ಸಾವಿರ ದಾಟೋಗಂಟ ಕಾಯಿರಿ, ಆಮ್ಯಾಕೆ ಮುಂದಿನ ಗೇರು. ಮುಂಚೇನೇ ಹಾಕ್ಬುಟ್ರೆ ತಿರ್ಗಾ ಮಲಗ್ಬುಡ್ತದೆ. ಒತ್ತಿದ್ ತಕ್ಷಣ ಬರಾಕಿಲ್ಲ, ಒಸಿ ತಡೆದು ಬತ್ತದೆ. ಬಂದ್ರೆ ಮಾತ್ರ ಒಂದೇ ಸಲ ಬತ್ತದೆ. ಇನ್ನೊಂದು, ದೂರ ಓಡಿಸ್ಬುಟ್ಟು ಬಂದು ಟಕ್ ಅಂತ ಆಫ್ ಮಾಡ್ಬೇಡಿ. ಒಂದು ನಿಮಿಷ ಹಂಗೇ ಬುಡಿ, ಆರ್ಕೊಳ್ಳಲಿ."

ನನಗೆ ಗಾಡಿ ಕಲಿಸಿದವನು ಅಪ್ಪ. ಜವಳಗಿರಿಯ ಹತ್ತಿರ ನಮ್ಮ ಹೊಲ. ಟ್ರ್ಯಾಕ್ಟರಿನ ಮೇಲೆ ಕೂರಿಸಿ, ಚಪ್ಪಲಿ ಕಳಚಿಸಿ, ಬರಿಗಾಲನ್ನು ಕ್ಲಚ್ಚಿನ ಮೇಲೆ ಇಡಿಸಿದ. "ಕಾಲಿಗೆ ತಿಳೀಬೇಕು ಕಣ್ಲಾ. ತಲೆಗೆ ತಿಳಿಯೋ ಅಷ್ಟೊತ್ಗೆ ಟ್ರ್ಯಾಕ್ಟರು ಹಳ್ಳದಾಗಿರ್ತದೆ," ಎಂದಿದ್ದ. ಅವನು ಹೋಗಿ ಬಹಳ ವರ್ಷವಾಯಿತು. ಆ ಪಾಠ ಮಾತ್ರ ನಾನು ಬಿಡಲಿಲ್ಲ. ಯಾವ ಗಾಡಿಯಾದರೂ ಬರಿಗಾಲಲ್ಲೇ ಓಡಿಸುತ್ತಿದ್ದೆ. ಹೊಸ ಕಾರು ಬಂದ ಮೇಲೆ ಅದು ಇನ್ನೂ ಹೆಚ್ಚಾಯಿತು. ಪೂಜೆ ಮಾಡಿಸಿದ ಗಾಡಿ, ಒಳಗೆ ಧೂಳು ತರಬಾರದೆಂದು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಸೀಟಿನ ಮೇಲೆ ಕೂತು, ಬಗ್ಗಿ ಕೈಯಿಂದ ಎತ್ತಿ ಸೀಟಿನ ಹಿಂದೆ ಇಡುತ್ತಿದ್ದೆ.

ಒಂದು ಸಂಜೆ ಅದನ್ನು ಎತ್ತಿಡುವುದು ಮರೆತೆ. ಆಫೀಸಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಕಾರು ಹತ್ತಿ ಹೊರಟುಬಿಟ್ಟೆ. ಸ್ಕೂಲಿನ ಹತ್ತಿರ ಹೆಂಡತಿಯನ್ನು ಹತ್ತಿಸಿಕೊಂಡು ಹೊಸೂರಿಗೆ ಬಂದೆ. ಮನೆ ಮುಂದೆ ಒಂದು ನಿಮಿಷ ಎಂಜಿನ್ ಆರಲು ಬಿಟ್ಟು, ಇಳಿದು, ನಮ್ಮ ಬೀದಿಯ ಜಲ್ಲಿಕಲ್ಲಿನ ಮೇಲೆ ನಡೆದು, ಅಂಗಡಿಯಿಂದ ಹಾಲು ತಂದೆ. ಬೀದಿಗೆ ಟಾರು ಹಾಕುತ್ತೇವೆಂದು ಜಲ್ಲಿ ಸುರಿದು ಆರು ತಿಂಗಳಾಗಿತ್ತು.

"ಚಪ್ಪಲಿ ಎಲ್ರೀ?" ಎಂದಳು ಬಾಗಿಲಲ್ಲಿ ನಿಂತು.

ಕೆಳಗೆ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

"ಕಾರಲ್ಲೇ ಐತೆ," ಎಂದೆ.

"ಆ ಜಲ್ಲಿ ಮೇಲೆ ಹಂಗೇ ನಡ್ಕೊಂಡು ಬಂದ್ರಾ?"

"ಹಳ್ಳಿಯವನು ಕಣೇ. ನಿಮ್ಮಂಗೆ ಪೇಟೆ ಕಾಲಲ್ಲ."

ಮಾರನೆಯ ದಿನ ಆಫೀಸಿಗೆ ಹೋದರೆ ವಾಚ್‌ಮನ್ ಚಪ್ಪಲಿ ಜೋಡಿಯನ್ನು ಮರದ ಬುಡದಲ್ಲಿ ಒಪ್ಪವಾಗಿ ಇಟ್ಟಿದ್ದ. "ಸಾರ್, ಉಂಗ ಸೆರುಪ್ಪು," ನಿಮ್ಮ ಚಪ್ಪಲಿ, ಎಂದು ನಕ್ಕ. ನಾನೂ ನಕ್ಕೆ. ಅಂಗಾಲಿನಲ್ಲಿ ಎರಡು ಕಡೆ ಚರ್ಮ ಹರಿದಿತ್ತು. ನೋವಿರಲಿಲ್ಲ.

ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಕಾಲು ಮೊದಲು ಜುಮ್ಮೆಂದು, ಆಮೇಲೆ ಉರಿದು, ಆಮೇಲೆ ಸುಮ್ಮನಾಗಿತ್ತು. ಉರಿ ನಿಂತಾಗ ವಾಸಿಯಾಯಿತೆಂದೇ ಖುಷಿಪಟ್ಟಿದ್ದೆ. ವಾಸಿಯಾದದ್ದಲ್ಲ ಎಂದು ಡಾಕ್ಟರು ಹೇಳಿದರು. ಗಾಡಿ ಓಡಿಸಬೇಡಿ ಎಂದೂ ಹೇಳಿದರು. ಮೊದಲನೆಯದನ್ನು ಹೆಂಡತಿಗೆ ಅರ್ಧ ಹೇಳಿದೆ, ಎರಡನೆಯದನ್ನು ಹೇಳಲೇ ಇಲ್ಲ. ಯಾಕೆ ಎಂದು ಈಗ ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಕಾರು ಹೊಸದು, ಅಷ್ಟೆ. ಕಾರು ಬಿಟ್ಟರೆ ನಾನು ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಮುದುಕನಾಗುತ್ತೇನೆ ಎಂದು ಅನಿಸಿತ್ತು.

ಅದಕ್ಕೆ ಕಣ್ಣಿಂದ ಓಡಿಸತೊಡಗಿದೆ. ಕ್ಲಚ್ ಬಿಡುವಾಗ ಎಲ್ಲಿ ಹಿಡಿಯುತ್ತದೆಂದು ಎಡಗಾಲಿಗೆ ತಿಳಿಯುತ್ತಿರಲಿಲ್ಲ. ಮುಳ್ಳು ಒಂದಿಷ್ಟು ಕುಸಿದರೆ ಹಿಡಿಯಿತು ಎಂದು ಲೆಕ್ಕ. ಮುಳ್ಳು ಎರಡು ಸಾವಿರ ದಾಟಿತೇ, ಮುಂದಿನ ಗೇರು. ಏರು ಬರುವ ಮೊದಲೇ ಒಂದು ಗೇರು ಇಳಿಸು. ಟರ್ಬೊ ಬಗ್ಗೆ ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದೆ. ಹೈವೇಯಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದೆ. "ಅಯ್ಯ, ಈಗ ಕಲ್ತ್ರಿ," ಎಂದು ಹೆಂಡತಿ ಮೆಚ್ಚಿಕೊಂಡಳು ಕೂಡ. ನನ್ನ ಕಣ್ಣು ಯಾವಾಗಲೂ ಮುಳ್ಳಿನ ಮೇಲೆಯೇ ಇರುತ್ತದೆ ಎಂಬುದನ್ನೂ ಗಮನಿಸಿದ್ದಳು. "ರಸ್ತೆ ನೋಡ್ರೀ, ಕಾಲೇನು ಸತ್ತೋಗಿದ್ಯಾ?" ಎಂದಳು ಒಂದು ದಿನ ತಮಾಷೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸಿಡುಕಿಬಿಟ್ಟೆ.

ಆಮೇಲೆ ಆ ಭಾನುವಾರ ಬಂತು. ಅತ್ತಿಬೆಲೆಯಲ್ಲಿ ಒಂದು ಮದುವೆ ಇತ್ತು. ದಾರಿಯಲ್ಲಿ, ಗಡಿಯ ಜೂಜುವಾಡಿಯಲ್ಲಿ, ಎಂದಿನಂತೆ ಲಾರಿಗಳ ಸಾಲು. ಒಂದು ಮಾರು ಮುಂದೆ, ಒಂದು ನಿಮಿಷ ನಿಲ್ಲು. ಗಾಡಿಗಳ ನಡುವೆ ವಯಸ್ಸಾದ ಹೆಂಗಸೊಬ್ಬಳು ಮಲ್ಲಿಗೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮಾರುತ್ತಿದ್ದಳು. ನಾನು ಮೊದಲನೇ ಗೇರಿನಲ್ಲಿದ್ದೆ. ಮುಂದಿನ ಲಾರಿ ಒಂದಿಷ್ಟು ಸರಿಯಿತು, ನಾನೂ ಕ್ಲಚ್ ಬಿಟ್ಟೆ. ಅವಳು ನಮ್ಮ ಬಾನೆಟ್ಟಿನ ಮುಂದೆ ದಾಟಲು ಬಂದಳು. ಬಲಗಾಲನ್ನು ತೆಗೆದು ಬ್ರೇಕಿನ ಮೇಲೆ ಇಟ್ಟಿದ್ದೇನೆ ಎಂದೇ ನಾನು ತಿಳಿದಿದ್ದೆ. ಇಟ್ಟಿರಲಿಲ್ಲ. ಅದು ಆಕ್ಸಿಲರೇಟರಿನ ಮೇಲೆಯೇ ಇತ್ತು, ಒತ್ತಿಕೊಂಡೇ ಇತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟರ್ಬೊ ಒಂದೇ ಸಲ ಬಂತು.

ಕಾರು ನೆಗೆಯಿತು. ಹೆಂಡತಿ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ನಿಂತುಹೋಯಿತು. ಬಾನೆಟ್ಟಿಗೂ ಆ ಹೆಂಗಸಿಗೂ ನಡುವೆ ಅವಳ ಬುಟ್ಟಿಯಷ್ಟೇ ಇತ್ತು. ಬುಟ್ಟಿ ಉರುಳಿ ಹೂವೆಲ್ಲ ಟಾರಿನ ಮೇಲೆ ಬಿತ್ತು.

ಅವಳು ಬೈಯಲಿಲ್ಲ. ಬಾನೆಟ್ ಮೇಲೆ ಅಂಗೈ ಊರಿ ನಿಂತು, "ಪಾತ್ತು ಪೋಂಗ, ಸಾಮಿ," ಎಂದಳು, ನೋಡಿಕೊಂಡು ಹೋಗಪ್ಪ ಎಂದು. ಹೆಂಡತಿ ಇಳಿದು ಹೂವು ಆರಿಸಿಕೊಟ್ಟಳು. ಮಣ್ಣಾದದ್ದನ್ನೆಲ್ಲ ತಾನೇ ಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಕೂತಲ್ಲೇ ಕೂತಿದ್ದೆ. ಹೆದರಿಕೆಯೇ ಆಗಲಿಲ್ಲ. ಯಾರದೋ ಗಾಡಿಯಲ್ಲಿ ಆದದ್ದನ್ನು ನೋಡುತ್ತಿರುವಂತೆ ಇತ್ತು.

ಹೆಂಡತಿ ವಾಪಸ್ ಬಂದು ಕೂತಳು.

"ಕಾಲು ಎಲ್ಲಿತ್ರೀ?"

"ಗೊತ್ತಿಲ್ಲ."

ಅವಳು ನನ್ನ ಮುಖ ನೋಡಿದಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡಿದ್ದೆ ನಾನು. ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದುದನ್ನು ಒಬ್ಬ ಹೂವಾಡಗಿತ್ತಿಯ ಜೀವದ ಹತ್ತಿರ ತಂದು ನಿಲ್ಲಿಸಿದ್ದೆ. ಕಾರನ್ನು ಪಕ್ಕದ ಟೀ ಅಂಗಡಿಯ ಮುಂದೆ ತಳ್ಳಿಸಿ ನಿಲ್ಲಿಸಿದೆವು, ಮಾರನೆಯ ದಿನ ಮೆಕ್ಯಾನಿಕ್ ಮನೆಗೆ ತಂದುಕೊಟ್ಟ. ಮದುವೆಗೆ ಹೋಗಲಿಲ್ಲ. ಟೌನ್ ಬಸ್ಸಿನಲ್ಲಿ ಮನೆಗೆ ಬಂದೆವು. ಬಸ್ಸಿನಲ್ಲಿ ಡಾಕ್ಟರು ಹೇಳಿದ್ದನ್ನು ಪೂರ್ತಿ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ ಕೇಳಿಸಿಕೊಂಡಳು.

ಮೂರನೆಯ ದಿನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು, ಐವತ್ತೆರಡನೇ ವಯಸ್ಸಿಗೆ. ಕಲಿಸುವವನು ಗೇರು ಯಾವಾಗ ಹಾಕಬೇಕೆಂದು ಹೇಳಹೊರಟರೆ, "ಅದು ಗೊತ್ತಪ್ಪ, ಸ್ಟೇರಿಂಗ್ ಹೇಳ್ಕೊಡು," ಎಂದಳಂತೆ. ಆ ತಿಂಗಳುಗಳಲ್ಲಿ ನನಗೆ ಅಂಥಾ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಬಸ್ಸಿನಲ್ಲಿ ನಿಂತು ಹೋದೆ. ಯಾರೋ ಎದ್ದು ಸೀಟು ಕೊಟ್ಟರು, ಕೂತೆ.

ಲೈಸನ್ಸ್ ಬಂದ ಮೇಲೆ ಒಂದು ಸೋಮವಾರ ಅವಳೇ ಕಾರು ತೆಗೆದಳು. ನಾನು ಎಡಗಡೆ ಕೂತೆ. ಚಪ್ಪಲಿಯನ್ನು ಸೀಟಿನ ಹಿಂದೆ ಇಟ್ಟು ಬರಿಗಾಲಲ್ಲಿ ಕ್ಲಚ್ ಒತ್ತಿದಳು. ಹೇಳಿಕೊಟ್ಟವರು ಯಾರೂ ಇಲ್ಲ, ನನ್ನನ್ನು ನೋಡಿಯೇ ಕಲಿತದ್ದು. ಹೈವೇ ಹತ್ತಿದ ಮೇಲೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಈಗ," ಎಂದೆ.

ಅವಳು ಎರಡು ಕ್ಷಣ ತಡೆದು ಹಾಕಿದಳು.

ಮುಳ್ಳಿನ ಕಡೆ ಒಂದು ಸಲವೂ ನೋಡಲಿಲ್ಲ. ಶೂಲಗಿರಿ ದಾಟಿ, ಇಳಿಜಾರು ಇಳಿದು, ಕೃಷ್ಣಗಿರಿಯಲ್ಲಿ ತನ್ನ ಸ್ಕೂಲಿನ ಗೇಟಿನ ಮುಂದೆ ತಂದು ನಿಲ್ಲಿಸಿದಳು. ಎಂಜಿನ್ ಆಫ್ ಮಾಡಲಿಲ್ಲ. ಒಂದು ನಿಮಿಷ ಆರಲೆಂದು ಬಿಟ್ಟು ಕೈ ಮಡಿಚಿ ಕೂತಳು.

ಆ ಒಂದು ನಿಮಿಷದಲ್ಲಿ ನನಗೆ ಹೆದರಿಕೆಯಾಯಿತು. ಬಾನೆಟ್ಟಿನ ಮೇಲೆ ಊರಿದ ಆ ಅಂಗೈ ಕಾಣಿಸಿತು. ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡೆ. ಒತ್ತಿದ್ದು ಜೂಜುವಾಡಿಯಲ್ಲಿ, ಬಂದದ್ದು ಕೃಷ್ಣಗಿರಿಯಲ್ಲಿ. ಅವಳು ನೋಡಿದಳು. ನನ್ನ ಮೊಣಕೈಯ ಮೇಲೆ ಕೈಯಿಟ್ಟು, ನಿಮಿಷ ಮುಗಿದ ಮೇಲೂ ಎಂಜಿನ್ ಹಾಗೇ ಬಿಟ್ಟಿದ್ದಳು.

"ಇಳೀರಿ, ಆಫೀಸಿಗೆ ಹೊತ್ತಾಯ್ತದೆ," ಎಂದಳು ಕೊನೆಗೆ. ಆಮೇಲೆ, "ಚಪ್ಪಲಿ ಕಾಲಲ್ಲಿದ್ಯಾ?"

"ಐತೆ," ಎಂದು ಇಳಿದೆ.

ಅವಳು ಬಾಗಿಲು ಮುಚ್ಚಗೊಡಲಿಲ್ಲ. "ನೋಡಿ ಹೇಳ್ರೀ," ಎಂದಳು.

ಬಗ್ಗಿ ನೋಡಿದೆ. ಒಂದೇ ಇತ್ತು.