ಅರಳಿ ಸಸಿಗೆ ಒದ್ದೆ ಬಟ್ಟೆ ಕಟ್ಟುವ ಬೇರಕ್ಕ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಸ್ತೂಪದ ಮೈಗೆ ಒರಗಿಸಿದ ಏಣಿಯ ಮೇಲೆ ಬರಿಗಾಲಲ್ಲಿ ನಿಂತ ಹೆಂಗಸೊಬ್ಬರು ಇಟ್ಟಿಗೆಗಳ ಸಂದಿನಿಂದ ಒದ್ದೆ ಬಟ್ಟೆಯೊಂದನ್ನು ಬಿಚ್ಚುತ್ತಿದ್ದಾರೆ. ಹಳೆಯ ಇಟ್ಟಿಗೆಗೆ ಪೆಟ್ಟಾಗದಿರಲೆಂದು ಏಣಿಯ ತುದಿಗಳಿಗೆ ಗೋಣಿಚೀಲ ಸುತ್ತಿದೆ. ಬಟ್ಟೆ ಸರಿದ ಕಡೆ ಎರಡೆಲೆಯ ಎಳೆ ಸಸಿ. ಅದರ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಜಗ್ಗದೆ, ಮೆಲ್ಲಗೆ ತಿರುಗಿಸುತ್ತಾರೆ. ಬೇರು ನೂಲಿನ ಹಾಗೆ ಜಾರಿ ಬರುತ್ತದೆ. "ಬಂದ್ಯಾ ತಾಯಿ" ಎಂದು ಅದನ್ನು ಸೊಂಟದ ಚೀಲಕ್ಕೆ ಸೇರಿಸಿ ಇಳಿಯುತ್ತಾರೆ. ಜೊತೆಯ ಕೆಲಸದವರಿಗೆಲ್ಲ ಇವರು ಬೇರಕ್ಕ. ಹುಟ್ಟುಹೆಸರು ಹಿಡಿದು ಕೂಗಿದರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುತ್ತಾರೆ.

ಬುದ್ಧನ ಅಸ್ಥಿಯ ಒಂದು ಪಾಲನ್ನು ಒಳಗಿಟ್ಟು ಎಬ್ಬಿಸಿದ ದಿಬ್ಬವಿದು ಎಂಬುದು ಯಾತ್ರಿಕರ ನಂಬಿಕೆ. ಮೊದಲು ಇದ್ದದ್ದು ಬರೀ ಮಣ್ಣಿನ ಗುಡ್ಡೆಯಂತೆ. ಆಮೇಲೆ ಬಂದ ಅರಸರು ಅದನ್ನು ಕೆಡವದೆ ಮೇಲೊಂದು ಇಟ್ಟಿಗೆಯ ಹೊದಿಕೆ ಹೊದಿಸಿದರು, ಅವರ ನಂತರದವರು ಇನ್ನೊಂದು. ಒಳಗೆ ಕೋಣೆಯಿಲ್ಲ, ಬಾಗಿಲೂ ಇಲ್ಲ. ಸುತ್ತು ಬರುವುದೇ ಇಲ್ಲಿಯ ಪೂಜೆ. ಒಂದು ಕಾಲಕ್ಕೆ ಸುತ್ತುವವರೂ ಇಲ್ಲವಾದರು, ಗಿಡಗಂಟಿ ಮುಚ್ಚಿಕೊಂಡಿತು, ಊರಿನವರು ಮನೆ ಕಟ್ಟಲು ಇಲ್ಲಿಂದಲೇ ಇಟ್ಟಿಗೆ ಹೊತ್ತರು. "ನಮ್ಮ ಅಡುಗೆಮನೆ ಗೋಡೇಲೂ ಇದರ ಇಟ್ಟಿಗೆ ಇದೆ" ಎಂದು ಬೇರಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಬೈಬೇಡಿ ಮತ್ತೆ. ಆಗ ಇದೇನು ಅಂತ ಯಾರಿಗೆ ಗೊತ್ತಿತ್ತು? ಪುಕ್ಕಟೆ ಇಟ್ಟಿಗೆ ಸಿಕ್ಕಿದ್ರೆ ನೀವಾದ್ರೂ ಬಿಡ್ತಿದ್ರಾ?"

ಅವರ ಕೆಲಸ ಕೇಳಲು ಸುಲಭ. ಹಕ್ಕಿಗಳು ಅರಳಿ ಹಣ್ಣು ತಿಂದು ಸ್ತೂಪದ ಮೇಲೆ ಕೂರುತ್ತವೆ, ಬೀಜ ಸಂದಿಗೆ ಬೀಳುತ್ತದೆ, ಮೊಳೆಯುತ್ತದೆ. ಮೊಳೆತದ್ದನ್ನು ಕೀಳಬೇಕು, ಅಷ್ಟೇ. ಆದರೆ ಬುದ್ಧನಿಗೆ ಅರಿವು ಮೂಡಿದ್ದು ಅದೇ ಅರಳಿಯ ಕೆಳಗೆ. "ಮರಾನೂ ಅವನದೇ, ದಿಬ್ಬಾನೂ ಅವನದೇ. ಇವರಿಬ್ಬರ ಜಗಳದಲ್ಲಿ ನಡುವೆ ಸಿಕ್ಕಿಕೊಂಡವಳು ನಾನು!"

ಈ ಕೆಲಸ ಅತ್ತೆಯಿಂದ ಬಂದದ್ದು. ಅತ್ತೆ ಒಮ್ಮೆ ಅವಸರದಲ್ಲಿ ಒಣಗಿದ ಗಾರೆಯಿಂದ ಸಸಿಯೊಂದನ್ನು ಜಗ್ಗಿದ್ದರು. ಕಾಂಡ ಕೈಗೆ ಬಂತು, ಬೇರು ಒಳಗೇ ಉಳಿಯಿತು. ಕಣ್ಣಿಗೆ ಕಾಣದೆ ದಪ್ಪವಾಗುತ್ತ ಹೋಗಿ, ಕೆಲವು ಮಳೆಗಾಲಗಳಾದ ಮೇಲೆ ಆ ಭಾಗದ ಇಟ್ಟಿಗೆಗಳು ಪದರಕ್ಕೆ ಪದರವೇ ಜಾರಿ ಬಿದ್ದವು. ಈಗ ಅಲ್ಲಿ ಹೊಸ ಇಟ್ಟಿಗೆಯ ತೇಪೆಯಿದೆ. ಅಂದಿನಿಂದ ಅತ್ತೆ ಕಂಡುಕೊಂಡ ದಾರಿ ಒದ್ದೆ ಬಟ್ಟೆಯದು: ಸಂಜೆ ಬುಡಕ್ಕೆ ಕಟ್ಟಬೇಕು, ಮಣ್ಣಿನ ಗಾರೆ ರಾತ್ರಿಯಿಡೀ ನೆನೆಯಬೇಕು, ಬಿಸಿಲು ಬೀಳುವ ಮೊದಲೇ ಬೇರುಸಹಿತ ತೆಗೆಯಬೇಕು. ಸೊಸೆ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. "ಅಮ್ಮ ನೆಂಟರ ಮನೆಗೆ ಹೋದ್ರೂ ಮೊದಲು ಗೋಡೆ ನೋಡ್ತಾಳೆ, ಆಮೇಲೆ ಮನುಷ್ಯರನ್ನ" ಎಂದು ಮಗಳು ಕಾಲೆಳೆಯುತ್ತಾಳೆ.

ಈ ಸಲ ಮಳೆಗಾಲ ಹತ್ತಿರವಾದಾಗ ಒಂದು ಸಸಿ ಅವರ ನಿದ್ದೆ ಕೆಡಿಸಿತು. ಸ್ತೂಪದ ಎದುರು ಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅದು ಚಿಗುರಿತ್ತು. ದೂರದಿಂದ ಬಂದಿದ್ದ ವಯಸ್ಸಾದ ಭಿಕ್ಷುಣಿಯೊಬ್ಬರು ಅದರ ಕೆಳಗೇ ಕೂತುಬಿಟ್ಟರು. "ಇದನ್ನ ಮುಟ್ಟಬೇಡ ತಂಗಿ. ಅವನೇ ಚಿಗುರಿದ್ದಾನೆ" ಎಂದರು. ನೋಡನೋಡುತ್ತ ಉಳಿದ ಯಾತ್ರಿಕರೂ ಅಲ್ಲಿ ಹೂವಿಟ್ಟು ಕೈಮುಗಿಯತೊಡಗಿದರು. ಮೇಸ್ತ್ರಿ ಜಾರಿಕೊಂಡರು: "ನೀನೇ ನೋಡ್ಕೋ ಅಕ್ಕ, ನನ್ನನ್ನ ಮಧ್ಯೆ ಎಳೀಬೇಡ." ಒಂದು ಒಳ್ಳೆ ಮಳೆ ಬಿದ್ದರೆ ಬೇರು ಒಳಪದರಕ್ಕೆ ಇಳಿಯುತ್ತದೆ, ಆಮೇಲೆ ಯಾವ ಬಟ್ಟೆಗೂ ಬಗ್ಗುವುದಿಲ್ಲ. ಆಕಾಶದಲ್ಲಿ ಮೋಡ ಕಂಡರೆ ಬೇರಕ್ಕ ಓಡಿ ಬಂದು ಆ ಸಸಿಯನ್ನು ನೋಡುತ್ತಿದ್ದರು.

"ಯಾರೂ ಇಲ್ಲದಾಗ ಕಿತ್ತು ಹಾಕು ಅಂದ್ರು ಜೊತೆಯವರು. ಕದ್ದು ಮಾಡೋಕೆ ಅದೇನು ತಪ್ಪು ಕೆಲಸಾನಾ? ನನಗೆ ಮನಸ್ಸು ಬರಲಿಲ್ಲ." ಒಂದು ಸಂಜೆ ಭಿಕ್ಷುಣಿಯ ಕೈಹಿಡಿದು ತೇಪೆಯ ಹತ್ತಿರ ಕರೆದೊಯ್ದರು. ಅತ್ತೆ ಜಗ್ಗಿದ ಸಸಿಯ ಕಥೆ ಹೇಳಿದರು. "ಅಮ್ಮಾ, ಮರಕ್ಕೆ ಜಾಗ ಎಲ್ಲಿ ಬೇಕಾದ್ರೂ ಸಿಗುತ್ತೆ. ಇದು ಬಿದ್ರೆ ಇನ್ನೆಲ್ಲಿ ಎದ್ದೀತು?" ಭಿಕ್ಷುಣಿ ತೇಪೆಯ ಮೇಲೊಮ್ಮೆ ಕೈಯಾಡಿಸಿ ಹೊರಟುಹೋದರು. ಬೇರಕ್ಕ ಎಲ್ಲರ ಎದುರಿಗೇ ಏಣಿ ಹತ್ತಿ ಬಟ್ಟೆ ಕಟ್ಟಿದರು. ಕೆಳಗಿದ್ದವರಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಹೋದರು.

ಬೆಳಗಾಗುವ ಹೊತ್ತಿಗೆ ಬೇರಕ್ಕ ಬಂದು ನೋಡಿದರೆ ಭಿಕ್ಷುಣಿ ಆಗಲೇ ಅಲ್ಲಿದ್ದರು. ತಡೆಯಲು ಬಂದಿದ್ದಾರೋ ಏನೋ ಎಂದುಕೊಳ್ಳುತ್ತಲೇ ಬೇರಕ್ಕ ಏಣಿ ಒರಗಿಸಿದರು. ಭಿಕ್ಷುಣಿ ಮುಂದೆ ಬಂದು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೇರು ತುದಿ ಮುರಿಯದೆ, ಮೊಳದುದ್ದ ಬಂತು. ಭಿಕ್ಷುಣಿ ಅದನ್ನು ತಮ್ಮ ಕಾಷಾಯದ ಸೆರಗಿನಲ್ಲಿ ಹಿಡಿದರು. ಇಬ್ಬರೂ ಸೇರಿ ಬೇಲಿಯಾಚೆಯ ಬಯಲಲ್ಲಿ ನೆಟ್ಟರು.

"ಬಾ, ಒಂದು ಸುತ್ತು ಬರೋಣ" ಎಂದು ಭಿಕ್ಷುಣಿ ಕರೆದಾಗ ಬೇರಕ್ಕನಿಗೆ ಕಣ್ಣು ತುಂಬಿತು. ಇಷ್ಟು ವರ್ಷ ಇಲ್ಲೇ ಇದ್ದೂ ಅವರು ಒಂದು ಪ್ರದಕ್ಷಿಣೆಯನ್ನೂ ಯಾತ್ರಿಕಳ ಹಾಗೆ ಮುಗಿಸಿದವರಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಸಂದಿಗೆ ಹೋಗುತ್ತದೆ, ಕಾಲು ನಿಲ್ಲುತ್ತದೆ. ಇರುವುದು ಅದೊಂದೇ ಆಸೆ, ಒಂದು ಸುತ್ತನ್ನು ನಡುವೆ ಎಲ್ಲೂ ನಿಲ್ಲದೆ ಮುಗಿಸಬೇಕೆಂದು.

"ಆವತ್ತು ಹಟ ಹಿಡಿದು ತಲೆ ತಗ್ಗಿಸಿಕೊಂಡೇ ನಡೆದೆ ಕಣ್ರೀ. ಬರೀ ನನ್ನ ಕಾಲು ನೋಡ್ಕೊಂಡು. ಮುಕ್ಕಾಲು ಸುತ್ತು ಆಯ್ತು, ಇನ್ನೇನು ಮುಗೀತು ಅನ್ನೋವಾಗ ಆಯಮ್ಮ ನನ್ನ ಭುಜ ಹಿಡಿದು ನಿಲ್ಲಿಸಿದ್ರು." ಬೇರಕ್ಕ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. "ಮೇಲೆ ಕೈ ತೋರಿಸಿ ಹೇಳ್ತಾರೆ, 'ತಂಗಿ, ಅಲ್ಲೊಂದು ಇದೆ ನೋಡು!'"