ಕುಂಕುಮ ಕೊಟ್ಟು ಕಳಿಸಿದ ಮನೆ

ನಾನು ಸಮಾಜಕಾರ್ಯ ಓದಲು ಹೋಗಿದ್ದು ಸೇವೆಯ ಹಂಬಲದಿಂದಲ್ಲ, ಮನೆಯಲ್ಲಿ ಕೂತು ತಲೆ ಕೆಟ್ಟು. ಮಗಳು ಸ್ಕೂಲಿಗೆ, ನಮ್ಮವರು ಆಫೀಸಿಗೆ ಹೋದ ಮೇಲೆ ಅಮೆರಿಕದ ಯೂನಿಯನ್ ಸಿಟಿಯ ಆ ಅಪಾರ್ಟ್‌ಮೆಂಟಿನಲ್ಲಿ ಉಳಿಯುತ್ತಿದ್ದವರು ನಾನು ಮತ್ತು ವಾಷಿಂಗ್ ಮಷೀನು. ರೈಲಿನಲ್ಲಿ ಹೋಗಿ ಬರಬಹುದಾದ ಕಾಲೇಜೊಂದರಲ್ಲಿ ಸೋಷಿಯಲ್ ವರ್ಕ್ ವಿಭಾಗ ಇದೆ ಎಂದು ತಿಳಿದು ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ಸಿಕ್ಕಿದ್ದು ನನ್ನ ಬುದ್ಧಿಗೋ ಬಣ್ಣಕ್ಕೋ ಎಂಬ ಅನುಮಾನ ಮೊದಲ ವಾರವೇ ಬಂತು.

ಯಾಕೆಂದರೆ ಆಗ ಆ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಡೈವರ್ಸಿಟಿ. ಎಲ್ಲ ಜನಾಂಗದವರೂ ಒಳಗೆ ಬರಬೇಕು, ಬಂದವರ ಮಾತು ನಡೆಯಬೇಕು ಎಂದು ಒಂದು ಕಮಿಟಿ ಮಾಡಿಕೊಂಡಿದ್ದರು. ಒಳ್ಳೆಯ ಜನ, ನಿಜವಾಗಿಯೂ ಒಳ್ಳೆಯ ಜನ. ಭಾರತದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೂ ಅದರಲ್ಲಿ ಕೂರಿಸಿದರು. ಮೀಟಿಂಗಿನಲ್ಲಿ ಯಾವ ವಿಷಯ ಬಂದರೂ ಕೊನೆಗೆ ಎಲ್ಲರ ಮುಖ ನನ್ನ ಕಡೆ ತಿರುಗುತ್ತಿತ್ತು: ನಿಮ್ಮ ಸಂಸ್ಕೃತಿಯಲ್ಲಿ ಇದು ಹೇಗೆ? ಬಸವನಗುಡಿಯ ನಾಲ್ಕು ಬೀದಿ ಬಿಟ್ಟು ಏನೂ ಕಾಣದ ನಾನು ಇಡೀ ಭಾರತದ ಪರವಾಗಿ ಉತ್ತರ ಕೊಡುತ್ತಿದ್ದೆ. ಮನೆಗೆ ಬಂದು ಅವರನ್ನು ಆಡಿಕೊಂಡು ನಗುತ್ತಿದ್ದೆ. ಆದರೆ ಮುಂದಿನ ಮೀಟಿಂಗಿಗೆ ಒಳ್ಳೆಯ ಸೀರೆ ಉಟ್ಟುಕೊಂಡೇ ಹೋಗುತ್ತಿದ್ದೆ, ಅದನ್ನೂ ಹೇಳಿಬಿಡಬೇಕು.

ಕಮಿಟಿಗೆ ಬಹಳ ಪ್ರಿಯವಾದ ಯೋಜನೆ ಒಂದಿತ್ತು. ಕಷ್ಟದಲ್ಲಿರುವ ಕುಟುಂಬಕ್ಕೆ ಅವರ ಭಾಷೆಯವರನ್ನೇ, ಅವರ ಕಡೆಯವರನ್ನೇ ಕಳಿಸಬೇಕು. ಆಗ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಸಹಾಯ ಬೇಗ ತಲುಪುತ್ತದೆ. ಜಾತಕ ಹೊಂದಿಸಿದ ಹಾಗೆ ಜೋಡಿ ಹೊಂದಿಸುವ ಕೆಲಸ. ನಮ್ಮಂಥ ವಿದ್ಯಾರ್ಥಿಗಳನ್ನು ಫೀಲ್ಡ್ ವರ್ಕಿಗೆ ಕಳಿಸುತ್ತಿದ್ದ ಒಂದು ಸೇವಾಕೇಂದ್ರವೂ ಇದಕ್ಕೆ ಒಪ್ಪಿತು. ಕನ್ನಡದ ಮನೆ ಯಾವುದಾದರೂ ಬಂದರೆ ಹೋಗಬೇಕಾದವಳು ನಾನು ಎಂದು ನಿಶ್ಚಯವಾಯಿತು.

ಅಷ್ಟರಲ್ಲಿ ಡಾಟ್ ಕಾಮ್ ಗುಳ್ಳೆ ಒಡೆಯಿತು, ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಳುಗಿದವು. ಭಾನುವಾರ ಯಾರ ಮನೆಯಲ್ಲಿ ಸೇರಿದರೂ ಬಿಸಿಬೇಳೆಬಾತಿನ ಜೊತೆ ಸ್ಟಾಕ್ ಆಪ್ಷನ್ನು ಬಡಿಸುತ್ತಿದ್ದ ಗಂಡಸರು ಇದ್ದಕ್ಕಿದ್ದಂತೆ ಕ್ರಿಕೆಟ್ ಬಗ್ಗೆ ಮಾತಾಡತೊಡಗಿದರು. ನಮ್ಮವರ ಕಂಪನಿ ಒಂದು ಶುಕ್ರವಾರ ಬಾಗಿಲು ಹಾಕಿತು. ಮೇಜಿನ ಮೇಲಿದ್ದ ಗಣಪತಿ, ಕಾಫಿ ಮಗ್ಗು, ಮಗಳ ಫೋಟೊ ಎಲ್ಲ ಒಂದು ಪೆಟ್ಟಿಗೆಯಲ್ಲಿ ಮನೆಗೆ ಬಂದವು. ನಮಗೆ ಗ್ರೀನ್ ಕಾರ್ಡು ಬಂದಿತ್ತು, ದೇಶ ಬಿಡಬೇಕಾದ ಭಯ ಇರಲಿಲ್ಲ. ಇದ್ದದ್ದು ನಾಚಿಕೆ ಮಾತ್ರ. ಸೋಮವಾರ ಅವರು ಎಂದಿನಂತೆ ಶೇವ್ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದೆ. "ಫ್ರೀಮಾಂಟ್ ಲೈಬ್ರರಿಗೆ. ಮನೇಲಿದ್ರೆ ಕೆಳಗಿನವರು ಕೇಳ್ತಾರೆ," ಅಂದರು. ಕೆಳಗಿನ ಮನೆಯವರು ಮೈಸೂರಿನವರು. ನಾನು ಎಂದಿನಂತೆ ಮೊಸರನ್ನದ ಡಬ್ಬಿ ಕಟ್ಟಿಕೊಟ್ಟೆ. ಯಾರಿಗೂ ಹೇಳುವುದು ಬೇಡ ಎಂದು ನಾವಿಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದೇನೂ ಅಲ್ಲ. ಹೇಳಲಿಲ್ಲ, ಅಷ್ಟೆ. ಬೇಸಿಗೆ ಕಳೆದರೂ ಡಬ್ಬಿ ಲೈಬ್ರರಿಗೇ ಹೋಗುತ್ತಿತ್ತು.

ಹೀಗಿರುವಾಗ ಸೇವಾಕೇಂದ್ರದಿಂದ ಕರೆ ಬಂತು. ಕನ್ನಡದ ಮನೆಯೊಂದು ಬಂದಿದೆ. ಚಿಕ್ಕ ವಯಸ್ಸಿನ ತಾಯಿ, ಕೈಗೂಸು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಕ್ಲಿನಿಕ್ಕಿಗೆ ಹೋದವಳು ನರ್ಸಿನ ಮುಂದೆ ಅತ್ತುಬಿಟ್ಟಿದ್ದಾಳೆ. ಗಂಡನಿಗೆ ಕೆಲಸ ಹೋಗಿದೆ. ಅವನು ರೂಮಿನ ಬಾಗಿಲು ಹಾಕಿಕೊಂಡು ಮಲಗಿದರೆ ಏಳುವುದಿಲ್ಲ, ಉಣ್ಣುವುದಿಲ್ಲ, ಮಾತಿಲ್ಲ. ಏನಾದರೂ ಮಾಡಿಕೊಂಡಾನು ಎಂದು ಅವಳಿಗೆ ಭಯ. ಅವರದು ಎಚ್-ಒನ್ ವೀಸಾ, ಕೆಲಸದ ಜೊತೆ ಅದೂ ಹೋದಂತೆಯೇ. ಮನೆಗೆ ಬಂದು ಮಾತಾಡುತ್ತೇವೆ ಎಂದಾಗ ಅವಳು ಒಪ್ಪಿದ್ದಾಳೆ. ನನ್ನ ಮೇಲ್ವಿಚಾರಕಿ, ಬೆಳ್ಳಿಕೂದಲಿನ ಅಮೆರಿಕನ್ ಹೆಂಗಸು, ಕಾರಿನಲ್ಲಿ ಉದ್ದಕ್ಕೂ ಹೇಳುತ್ತ ಬಂದಳು: ಇವತ್ತು ನೀನೇ ಮುಖ್ಯ, ನಾನು ಸುಮ್ಮನೆ ಕೂತಿರುತ್ತೇನೆ.

ಬಾಗಿಲು ತೆರೆದವಳನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಗೊತ್ತಿದ್ದ ಹುಡುಗಿ. ಮಂಗಳೂರಿನ ಕಡೆಯವಳು. ಲಿವರ್‌ಮೋರ್ ದೇವಸ್ಥಾನದ ಅಡುಗೆಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ತರಕಾರಿ ಹೆಚ್ಚಿದ್ದೆವು. ಅವಳು ಬಂಗುಡೆ ಮೀನಿನ ಸಾರಿನ ಮಾತೆತ್ತಿ, ದೇವಸ್ಥಾನದಲ್ಲಿ ಆಡುವ ಮಾತೇ ಎಂದು ನಾಲಗೆ ಕಚ್ಚಿಕೊಂಡಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ನನ್ನನ್ನು ಕಂಡದ್ದೇ ಅವಳ ಮುಖದ ಬಣ್ಣ ಇಳಿಯಿತು. ತಕ್ಷಣ ಮೇಲ್ವಿಚಾರಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಎಲ್ಲ ಸರಿಯಾಗಿದೆ, ಸುಮ್ಮನೆ ನಿಮಗೆ ತೊಂದರೆಯಾಯಿತು ಎಂದಳು. ಆಮೇಲೆ ನನಗೆ, "ಬನ್ನಿ ಅಕ್ಕ, ಒಳಗೆ ಬನ್ನಿ," ಎಂದಳು.

ಒಳಗೆ ಹೋದೆವು. ಸೋಫಾದ ಮೇಲಿದ್ದ ಮಗುವಿನ ಬಟ್ಟೆಗಳನ್ನು ಬಾಚಿ ತೆಗೆದು ಕೂರಿಸಿದಳು. ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲು ಮುಚ್ಚಿತ್ತು. ಮೂವರೂ ಅದನ್ನು ನೋಡಿದೆವು. ಅವಳು ಕಾಫಿಗಿಟ್ಟಳು, ತಟ್ಟೆಗೆ ಚಕ್ಕುಲಿ ಹಾಕಿದಳು. ನಾನು ಕಾಲೇಜಿನಲ್ಲಿ ಕಲಿತ ಹಾಗೆ ಮೆಲ್ಲಗೆ ಕೇಳಿದೆ, "ಮನೇಲಿ ಹೇಗಿದೆ? ಏನಾದ್ರೂ ಕಷ್ಟ ಇದ್ರೆ ಹೇಳಿ." ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಎಂತ ಇಲ್ಲ ಅಕ್ಕ. ಆ ನರ್ಸ್ ಸುಮ್ನೆ ಹೆದರಿದ್ದು," ಅಂದಳು. ಮಗುವಿನ ಅಂಗಿ ಎಳೆದು ಸರಿಮಾಡಿ, ಮುಖ ಎತ್ತಿ ನನ್ನನ್ನೇ ನೋಡುತ್ತ ಕೇಳಿದಳು.

"ನಿಮ್ಮವರು ಹೇಗಿದ್ದಾರೆ ಅಕ್ಕ? ಅವರ ಕೆಲಸ ಎಲ್ಲ ಹೇಗುಂಟು?"

"ಅಯ್ಯೋ, ಅವ್ರಾ? ತುಂಬಾ ಬಿಜಿ. ಹೊಸ ಪ್ರಾಜೆಕ್ಟು, ರಾತ್ರಿ ಬರೋದೇ ಲೇಟು," ಎಂದೆ.

ಒಂದು ಕ್ಷಣವೂ ತಡವರಿಸಲಿಲ್ಲ ನಾನು. ಯಾರೋ ಬಾಯಿಪಾಠ ಮಾಡಿಸಿದ ಹಾಗೆ ಬಂತು. ಸ್ವಂತ ವಿಷಯವನ್ನು ಕ್ಲಯಂಟುಗಳ ಮುಂದೆ ಬಿಚ್ಚಬಾರದು ಎಂಬ ನಿಯಮ ನಮ್ಮ ಪಾಠದಲ್ಲಿತ್ತು, ಆಮೇಲೆ ಅದನ್ನು ನೆನಪಿಸಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಹೇಳದೆ ಇರುವುದೇ ಬೇರೆ, ಇಲ್ಲದ ಪ್ರಾಜೆಕ್ಟು ಹುಟ್ಟಿಸುವುದೇ ಬೇರೆ.

"ಒಳ್ಳೇದಾಯ್ತು ಅಕ್ಕ," ಎಂದು ಅವಳು ಎದ್ದಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ದೇವರ ಗೂಡಿನಿಂದ ಅರಿಶಿನ ಕುಂಕುಮದ ಬಟ್ಟಲು ತಂದಳು. ಬಂದ ಮುತ್ತೈದೆಗೆ ಕುಂಕುಮ ಕೊಟ್ಟರೆ ಇನ್ನು ಹೊರಡಬಹುದು ಎಂದು ಅರ್ಥ, ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನನಗೆ ಕೊಟ್ಟಳು, ಒಂದು ಬ್ಲೌಸ್ ಪೀಸೂ ಕೊಟ್ಟಳು. ಮೇಲ್ವಿಚಾರಕಿಯ ಹಣೆಗೆ ತಾನೇ ಇಟ್ಟಳು. ಬಾಗಿಲಲ್ಲಿ ನನ್ನ ಕೈ ಹಿಡಿದು ಪಿಸುಮಾತಿನಲ್ಲಿ, "ಅಲ್ಲಿ ಯಾರಿಗೂ ಹೇಳ್ಬೇಡಿ ಅಕ್ಕ, ಆಯ್ತಾ?" ಎಂದಳು. ಅಲ್ಲಿ ಎಂದರೆ ದೇವಸ್ಥಾನದಲ್ಲಿ. "ಛೇ ಛೇ, ಹೇಳ್ತೀನಾ," ಎಂದೆ.

ಕಾರಿನಲ್ಲಿ ಮೇಲ್ವಿಚಾರಕಿಯ ಸಂತೋಷ ಹೇಳತೀರದು. ಹಣೆಯ ಕುಂಕುಮವನ್ನು ಕನ್ನಡಿಯಲ್ಲಿ ನೋಡಿಕೊಂಡು, ಮೊದಲ ಭೇಟಿಯಲ್ಲೇ ಇಷ್ಟು ಆತ್ಮೀಯತೆಯನ್ನು ಈ ವೃತ್ತಿಗೆ ಬಂದ ಮೇಲೆ ತಾನು ಕಂಡಿಲ್ಲ ಎಂದಳು. ನಾವು ಆಗಷ್ಟೇ ಮರ್ಯಾದೆಯಿಂದ ಆಚೆ ಹಾಕಿಸಿಕೊಂಡು ಬಂದೆವು ಎಂದು ಅವಳಿಗೆ ಹೇಗೆ ಹೇಳುವುದು? ಬ್ಲೌಸ್ ಪೀಸು ನನ್ನ ಮಡಿಲಲ್ಲಿತ್ತು. ಆ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬ ಮನುಷ್ಯ ಮಲಗಿದ್ದ.

ಮಾರನೆಯ ದಿನ ಆ ಹುಡುಗಿ ಸೇವಾಕೇಂದ್ರಕ್ಕೆ ಫೋನು ಮಾಡಿದಳು. ಯಾರನ್ನಾದರೂ ಕಳಿಸಿ, ನಮ್ಮ ಕಡೆಯವರು ಮಾತ್ರ ಬೇಡ ಎಂದಳಂತೆ. ಕೇಂದ್ರದವರು ಕಕ್ಕಾಬಿಕ್ಕಿಯಾದರು. ಕೊನೆಗೆ ಒಬ್ಬ ಮೆಕ್ಸಿಕನ್ ಹೆಂಗಸನ್ನು ಕಳಿಸಿದರು. ಕರ್ನಾಟಕ ಯಾವ ದಿಕ್ಕಿಗಿದೆ ಎಂದು ತಿಳಿಯದವಳು, ಹುಡುಗಿಯ ಹೆಸರನ್ನೂ ನೆಟ್ಟಗೆ ಹೇಳಲಾರದವಳು. ಅವಳ ಮುಂದೆ ಹುಡುಗಿ ಎಲ್ಲವನ್ನೂ ಹೇಳಿ ಅತ್ತಳಂತೆ. ಆ ವಾರವೇ ಗಂಡನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಇದು ತಿಳಿದಾಗ ನನಗೆ ಮೊದಲು ಬಂದದ್ದು ನೆಮ್ಮದಿಯಲ್ಲ, ಸಿಟ್ಟು. ನನ್ನಲ್ಲಿ ಇಲ್ಲದ್ದು ಅವಳಲ್ಲಿ ಏನಿತ್ತು? ಆಮೇಲೆ ನಾಚಿಕೆ ಬಂತು, ಸಿಟ್ಟು ಬಂದದ್ದಕ್ಕೆ.

ಕಮಿಟಿಯಲ್ಲಿ ಈ ವಿಷಯ ಚರ್ಚೆಗೆ ಬಂತು. ಹೊಂದಿಸಿದ ಜೋಡಿ ಯಾಕೆ ಕೂಡಲಿಲ್ಲ? ಎಲ್ಲರ ಮುಖ ನನ್ನ ಕಡೆ ತಿರುಗಿತು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಮಾತಾಡಿದೆ. ನಮ್ಮ ಸಮುದಾಯ ಚಿಕ್ಕದು, ಎಲ್ಲರೂ ಎಲ್ಲರಿಗೂ ಗೊತ್ತು, ನಮ್ಮ ಜನಕ್ಕೆ ಪರಕೀಯರಿಗಿಂತ ನಮ್ಮವರ ಮುಂದೆಯೇ ಹೆಚ್ಚು ಮಾನ ಹೋಗುತ್ತದೆ, ಆದ್ದರಿಂದ ಯಾರು ಬೇಕು ಎಂದು ಕುಟುಂಬವನ್ನೇ ಮೊದಲು ಕೇಳಬೇಕು ಎಂದೆಲ್ಲ ಹೇಳಿದೆ. ಸುಳ್ಳಲ್ಲ, ಒಂದು ಮಾತೂ ಸುಳ್ಳಲ್ಲ. ಕಮಿಟಿ ನಡೆಸುತ್ತಿದ್ದ ಪ್ರೊಫೆಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದಿನಿಂದ ಹಾಗೆಯೇ ಆಯಿತು, ಮೊದಲು ಕೇಳಿ ಆಮೇಲೆ ಕಳಿಸುವುದು. ವಿಭಾಗದ ವರ್ಷಾಂತ್ಯದ ಸಮಾರಂಭದಲ್ಲಿ ನನ್ನನ್ನು ವೇದಿಕೆಗೆ ಕರೆದು, ನಮ್ಮ ಕಣ್ಣು ತೆರೆಸಿದವಳು ಎಂದು ಪರಿಚಯಿಸಿದರು. ನಮ್ಮವರು ಮುಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದರು.

ಆ ಹುಡುಗಿ ಮತ್ತೆ ಕಂಡದ್ದು ಲಿವರ್‌ಮೋರ್‌ನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಪ್ರಸಾದದ ಸಾಲಿನಲ್ಲಿ. ಜೊತೆಗೆ ಗಂಡ, ಸ್ವಲ್ಪ ಸೊರಗಿದ್ದ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆಚೆ ನಿಂತಿದ್ದ. ವೀಸಾದ ದಾರಿ ಹೇಗೋ ಆಗಿತ್ತು, ಸಣ್ಣ ಕೆಲಸವೊಂದು ಸಿಕ್ಕಿತ್ತು. ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವಳೇ ಪುಳಿಯೋಗರೆಯ ದೊನ್ನೆ ಹಿಡಿದು ಹತ್ತಿರ ಬಂದಳು.

"ನಿಮ್ಮವರಿಗೆ ಕೆಲಸ ಆಯ್ತಾ ಅಕ್ಕ?"

ನಮ್ಮವರು ಹತ್ತಿರವೆಲ್ಲಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರು ಹೇಳಿದರು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು, ದನಿ ತಗ್ಗಿಸಿ, ಬೇಜಾರಿಲ್ಲದೆ.

"ನಮ್ಮವರು ಮೊದಮೊದಲು ಆ ಫ್ರೀಮಾಂಟ್ ಲೈಬ್ರರಿಗೇ ಹೋಗ್ತಾ ಇದ್ದದ್ದಲ್ವಾ. ದಿನಾ ನೋಡ್ತಿದ್ರು ನಿಮ್ಮವರನ್ನ, ಇಲ್ಲಿ ದೇವಸ್ಥಾನದಲ್ಲಿ ಕಂಡ ಗುರುತಿತ್ತು. ಮಾತಾಡ್ಲಿಕ್ಕೆ ಇಬ್ರಿಗೂ ನಾಚಿಕೆ. ಒಬ್ರು ಬಂದ್ರೆ ಇನ್ನೊಬ್ರು ಪುಸ್ತಕದ ಕಪಾಟಿನ ಆಚೆ ಹೋಗುದು."

"ಹಾಗಾದ್ರೆ ಅವತ್ತು…"

"ಗೊತ್ತಿತ್ತು ಅಕ್ಕ ನಂಗೆ. ಬಾಗಿಲಲ್ಲಿ ನಿಮ್ಮನ್ನ ಕಂಡಾಗ ಮೊದಲು ಹೆದರಿಕೆ ಆಯ್ತು. ಆಮೇಲೆ ಅಂದ್ಕೊಂಡೆ, ಇವರಿಗೆ ಆದ್ರೆ ಹೇಳ್ಬಹುದು, ಇವರ ಮನೆಯಲ್ಲಿ ಕೂಡ ಹೀಗೇ ಅಲ್ವಾ ಅಂತ. ಅದಕ್ಕೇ ಕೇಳಿದ್ದು."

ಅಷ್ಟು ಹೇಳಿ ದೊನ್ನೆಯನ್ನು ನನ್ನ ಕೈಗೆ ಕೊಟ್ಟಳು, ತನಗೆ ಇನ್ನೊಂದು ತರಲು ಸಾಲಿನ ಕೊನೆಗೆ ಹೋಗಿ ನಿಂತಳು. ಕಾರು ನಿಲ್ಲಿಸಿ ಬಂದ ನಮ್ಮವರು, ಯಾರದು, ಏನಂತೆ ಎಂದು ಕೇಳಿದರು. ನಾನು ಏನಿಲ್ಲ ಎಂದೆ.