ಕುರ್ಚಿಯ ಹೊಟ್ಟೆ ಬಿಚ್ಚುವ ಕರೀಮಾಬಿ

ಮಸ್ಕಿಯ ಬೆಟ್ಟದ ಬಂಡೆಗೆ ಇನ್ನೂ ಬಿಸಿಲು ತಾಗಿಲ್ಲ. ಲಿಂಗಸುಗೂರಿನ ಮೊದಲ ಬಸ್ಸು ಹಾರ್ನ್ ಹೊಡೆದು ಹೊರಟಿದೆ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಕರೀಮಾಬಿ ಒಂದು ಆಫೀಸು ಕುರ್ಚಿಯನ್ನು ತಲೆಕೆಳಗು ಮಾಡಿ ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಾರೆ. ಪಕ್ಕಡದಿಂದ ಅದರ ಅಡಿಯ ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಕೊನೆಯ ಪಿನ್ನು ಬಂದ ಮೇಲೆ ರೆಕ್ಸಿನ್ ಸರಿಸಿ, ಒಳಗಿನ ಸ್ಪಂಜನ್ನು ತಡವಿ ನೋಡುತ್ತಾರೆ.

"ಇದು ದೊಡ್ಡ ಸಾಹೇಬ್ರದು," ಎನ್ನುತ್ತಾರೆ. "ಬೆನ್ನಿನ ಕಡೆ ನೋಡ್ರಿ, ಹೊಸಾದು ಇದ್ದಂಗ ಐತಿ. ಮುಂದಿನ ತುದಿ ಅಷ್ಟ ಕುಸದೈತಿ. ದೊಡ್ಡ ಖುರ್ಚಿಗೆ ಮಂದಿ ಬಡದಾಡ್ತಾರ, ಸಿಕ್ಕ ಮ್ಯಾಲ ತುದೀಗೆ ಕುಂದರ್ತಾರ."

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಚೇರಿ, ಶೋರೂಮು, ಖಾಸಗಿ ಆಸ್ಪತ್ರೆಗಳಲ್ಲಿ ಕುರ್ಚಿ ಹರಿದರೆ ಅದು ಟೆಂಪೋ ಹತ್ತಿ ಬರುವುದು ಈ ಶೆಡ್ಡಿಗೆ. ಮತ್ತೆ ಹೊಳೆಯುತ್ತಾ ವಾಪಸು ಹೋಗುತ್ತದೆ. ಕೂರುವವರಿಗೆ ಹೊಲಿದವರು ಯಾರೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಇಲ್ಲ. ಕುರ್ಚಿಗಾಗಿ ಕಿತ್ತಾಡಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಕುರ್ಚಿ ಹೊಲಿದವರ ಸುದ್ದಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಕರೀಮಾಬಿಯವರದು ಪಿಂಜಾರರ ಮನೆತನ. ಗಂಡ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ವಳಕಮದಿನ್ನಿ ಸುತ್ತಿನ ಭತ್ತದ ಊರುಗಳಿಗೆ ಹೋಗಿ, ಮದುವೆ ಮನೆಗಳಿಗೆ ಗಾದಿ ತುಂಬಿ ಕೊಡುತ್ತಿದ್ದರು. ಇವರು ಹೊಲಿಯುತ್ತಿದ್ದರು. ಅಂಗಡಿಯ ಸ್ಪಂಜಿನ ಹಾಸಿಗೆ ಬಂದ ಮೇಲೆ ಕರೆಯುವವರು ಕಡಿಮೆಯಾದರು. ಅಷ್ಟರಲ್ಲಿ ಗಂಡನ ಎದೆಯಲ್ಲಿ ಹತ್ತಿಯ ಧೂಳು ಮನೆ ಮಾಡಿತ್ತು. ಅವರು ಹೋಗಿ ವರ್ಷಗಳಾದವು, ಬಿಲ್ಲು ಶೆಡ್ಡಿನ ಗೋಡೆಗೆ ತೂಗಾಡುತ್ತಿದೆ.

"ಗಾದಿ ಹೋತು, ಖುರ್ಚಿ ಬಂತು. ತುಂಬೋದು ಅದ ಕಸಬು," ಎನ್ನುತ್ತಾರೆ ಕರೀಮಾಬಿ. "ಮೊದಲ ಮಂದಿ ಚೆಂದಾಗಿ ಮಲಗ್ಲಿ ಅಂತ ತುಂಬ್ತಿದ್ವಿ. ಈಗ ನಿದ್ದಿಗೆಟ್ಟು ಕುಂದ್ರಲಿ ಅಂತ ತುಂಬ್ತೀವಿ."

ದಿನಕ್ಕೆ ಮೂರೋ ನಾಲ್ಕೋ ಕುರ್ಚಿ. ಮಾರ್ಚ್ ಬಂತೆಂದರೆ ಅದರ ದುಪ್ಪಟ್ಟು, ಆಗ ದಬ್ಬಣ ಹಿಡಿದ ಬೆರಳುಗಳು ಬಾತುಕೊಳ್ಳುತ್ತವೆ. ಮಾರ್ಚಿನಲ್ಲೇ ಯಾಕೆ ಎಂದು ಕೇಳಿದರೆ ಅವರು ನನ್ನನ್ನೇ ಪಾಪದವನನ್ನು ನೋಡಿದಂತೆ ನೋಡುತ್ತಾರೆ. "ವರ್ಷದ ಲೆಕ್ಕ ಕೇಳೋ ತಿಂಗಳಲ್ರಿ. ಬಾಯಿ ಬಿಡಂಗಿಲ್ಲ, ಅಳಂಗಿಲ್ಲ. ಕೈ ಎಲ್ಲಿ ಹೋಗ್ಬೇಕು? ಖುರ್ಚಿ ಅಡೀಗೆ ಹೋಗಿ ಕೆರೀತೈತಿ. ಖುರ್ಚಿ ಮ್ಯಾಲ ಹರದ್ರ ಹಳೇದಾಗಿ ಹರದೈತಿ. ಕೆಳಗ ಹರದ್ರ, ಕುಂತವ್ರು ಹರದಾರ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತೇವಲ್ಲ, ಕಚೇರಿಗಳಲ್ಲಿ ಕೊತ್ತಿಯೂ ಇಲ್ಲ. ಇರುವುದು ಕುರ್ಚಿಯೊಂದೇ.

ಸಿಂಧನೂರಿನ ಒಂದು ಟ್ರ್ಯಾಕ್ಟರ್ ಶೋರೂಮಿನ ಕುರ್ಚಿಗಳೂ ಇಲ್ಲಿಗೇ ಬರುತ್ತಿದ್ದವು. ಒಮ್ಮೆ ಅಲ್ಲಿಗೆ ಹೊರಗಿನಿಂದ ತರಬೇತಿದಾರರನ್ನು ಕರೆಸಿದರು. ನೆಟ್ಟಗೆ ಕೂರಬೇಕು, ಕೈಕಟ್ಟಿ ಕೂರಬಾರದು, ಫೋನಿನಲ್ಲಿ ಮಾತಾಡುವಾಗಲೂ ನಗುತ್ತಿರಬೇಕು, ಗಿರಾಕಿಗೆ ನಮ್ಮ ಒತ್ತಡ ಕಾಣಬಾರದು ಎಂದು ಇಡೀ ದಿನ ಪಾಠವಾಯಿತು. ಬಾಡಿ ಲ್ಯಾಂಗ್ವೇಜ್ ಅಂತೆ. ಒತ್ತಡ ಕಡಿಮೆ ಮಾಡುವ ಪಾಠವನ್ನು ಯಾರೂ ಹೇಳಿಕೊಡಲಿಲ್ಲ, ಮುಚ್ಚಿಡುವುದನ್ನು ಕಲಿಸಿ ಚಹಾ ಕುಡಿದು ಹೋದರು. ಮುಖಗಳು ಪಾಠ ಕಲಿತವು, ಬೆರಳುಗಳು ಕಲಿಯಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಆ ಶೋರೂಮಿನಿಂದ ಕರೀಮಾಬಿಗೆ ಕೆಲಸ ಹೆಚ್ಚೇ ಬಂತು.

ಹಾಗೆ ಬಂದದ್ದರಲ್ಲಿ ಒಂದು, ಗಿರಾಕಿಗಳಿಗೆ ಫೋನ್ ಮಾಡುವ ಹುಡುಗಿಯ ಕುರ್ಚಿ. ಅವಳನ್ನು ಇಲ್ಲಿ ಶಿವಗಂಗಾ ಎನ್ನೋಣ. ಸೀಟಿನ ಅಡಿಯ ಬಟ್ಟೆ ಎರಡೂ ಬದಿ ತೂತಾಗಿ, ಸ್ಪಂಜು ಪುಡಿಪುಡಿಯಾಗಿ ಉದುರುತ್ತಿತ್ತು. ಕೈ ಹಾಕಿದರೆ ಕರೀಮಾಬಿಗೆ ಬಣ್ಣ ಹಚ್ಚಿದ್ದ ಉಗುರಿನ ಚೂರು ಸಿಕ್ಕಿತು.

"ನನ್ನ ಮಗಳ ವಯಸ್ಸಿನಾಕಿ. ಖುರ್ಚಿ ಕೊಡಾಕ ಹೋದಾಗ ನೋಡಿದ್ದೆ," ಎನ್ನುತ್ತಾರೆ. ಹೊಲಿದು ಕಳಿಸಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಬಿಚ್ಚಿದ ಕುರ್ಚಿಯನ್ನೇ ಟೆಂಪೋದಲ್ಲಿಟ್ಟುಕೊಂಡು ಸಿಂಧನೂರಿಗೆ ಹೋಗಿ ಮ್ಯಾನೇಜರ್ ಮುಂದೆ ಇಟ್ಟರು. "ಈ ಹುಡುಗಿ ಜೀವಕ್ಕ ಭಾಳ ತ್ರಾಸ ಮಾಡ್ಕೊಂಡಾಳ್ರಿ ಸಾಹೇಬ್ರ, ಎರಡು ದಿನ ಸೂಟಿ ಕೊಡ್ರಿ ಅಂದೆ. ಅವ್ರ ಖುರ್ಚಿ ಕೈನೂ ಹಂಗ ಹರದಿತ್ತು, ನಾನ ಹೊಲದಿದ್ದೆ. ತಮಗೂ ಆಗೇತಿ, ತಿಳ್ಕೋತಾರ ಅನಕೊಂಡೆ."

ಮ್ಯಾನೇಜರ್ ಶಿವಗಂಗಾಳನ್ನು ಕರೆಸಿದರು. ಎಲ್ಲರ ಎದುರು ಕುರ್ಚಿಯನ್ನು ಮಗುಚಿ ತೋರಿಸಿ, ಇದೇನು ಎಂದು ಕೇಳಿದರು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಕಲಿಸಿದ್ದ ನಗು ಮುಖದ ಮೇಲೆ ಇನ್ನೂ ಇತ್ತಂತೆ. ಅದನ್ನು ಹೇಳುವಾಗ ಕರೀಮಾಬಿ ಪಕ್ಕಡವನ್ನು ಕೆಳಗಿಡುತ್ತಾರೆ.

"ಎರಡು ದಿನ ಸೂಟಿ ಕೇಳಿದ್ದೆ," ಎನ್ನುತ್ತಾರೆ. "ಪೂರಾ ಸೂಟಿ ಕೊಟ್ರು."

ಮ್ಯಾನೇಜರನ್ನು ನಾನು ಕಂಡೆ. ಅನಿಲಕುಮಾರ ಎಂದಿಟ್ಟುಕೊಳ್ಳಿ. ಕೆಟ್ಟ ಮನುಷ್ಯನಲ್ಲ, ಚಹಾ ತರಿಸಿದರು. ಹಾಗಂತ ನನ್ನ ಸಿಟ್ಟೇನೂ ಇಳಿಯಲಿಲ್ಲ. "ನಮ್ಮಲ್ಲಿ ಟೆನ್ಶನ್ ಅನ್ನೋದ ಇಲ್ರಿ, ಒಂದ ಮನಿಯವ್ರು ಇದ್ದಂಗ ಅದೀವಿ," ಎಂದರು. ಆ ಹುಡುಗಿಯ ವಿಷಯ ಎತ್ತಿದೆ. "ಮ್ಯಾಲಿನವ್ರು ಕೇಳಿದ್ರ ನಾ ಏನಂತ ಹೇಳ್ಲಿ? ತಡಕೊಳ್ಳಾಕ ಆಗದವ್ರು ಈ ಲೈನಿಗೆ ಬರಬಾರದ್ರಿ." ಹೇಳುತ್ತಿರುವಾಗಲೇ ಅವರ ಬಲಗೈ ಹೆಬ್ಬೆರಳು ಕುರ್ಚಿಯ ಕೈಯ ಹೊಲಿಗೆಯನ್ನು ಕೆದಕುತ್ತಿತ್ತು. ಕರೀಮಾಬಿ ಹಾಕಿದ ಹೊಲಿಗೆ. ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಮೊಬೈಲ್ ಬಡಿದುಕೊಂಡಿತು. ಮೇಲಿನವರದೇ ಇರಬೇಕು, ಎದ್ದು ನಿಂತೇ ಮಾತಾಡಿದರು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅವರೂ. ತನ್ನಂತೆಯೇ ಸಿಕ್ಕಿಕೊಂಡವಳನ್ನು ಹೊರಗೆ ಹಾಕಿದರೆ ತಾನು ಉಳಿಯುತ್ತೇನೆಂದು ಅವರಿಗೆ ಯಾರು ಹೇಳಿದರೋ.

ಅಂದಿನಿಂದ ಕರೀಮಾಬಿ ಕುರ್ಚಿಗಳ ಬಗ್ಗೆ ಯಾರಿಗೂ ಏನೂ ಹೇಳುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಅಡಿಯಲ್ಲಿ ಬೆರಳಿನ ತೂತು ಕಂಡರೆ ಎರಡು ಪದರ ದಪ್ಪ ಬಟ್ಟೆ ಕೊಟ್ಟು ಮುಚ್ಚಿಬಿಡುತ್ತಾರೆ. "ಇನ್ನೊಂದು ವರ್ಷ ಯಾರಿಗೂ ಕಾಣಬಾರದು, ಹಂಗ ಹೊಲೀತೀನಿ," ಎನ್ನುತ್ತಾರೆ. ಈ ಕಸಬಿನಲ್ಲಿ ಅವರಿಗೆ ಉಳಿದಿರುವ ಹೆಮ್ಮೆ ಅದು.

ಶಿವಗಂಗಾ ಈಗ ಲಿಂಗಸುಗೂರಿನ ಒಂದು ಸೀರೆ ಅಂಗಡಿಯಲ್ಲಿದ್ದಾಳೆ. ರೆಕ್ಸಿನ್ ತರಲು ಹೋದಾಗಲೆಲ್ಲ ಕರೀಮಾಬಿ ಎದುರಿನ ಫುಟ್‌ಪಾತಿನಿಂದ ನೋಡಿ ಬಂದಿದ್ದಾರೆ, ಒಳಗೆ ಹೋಗುವ ಧೈರ್ಯವಾಗಿಲ್ಲ. ಅವಳಿಗೆ ಕೂರಲೆಂದು ಅರಳೆ ತುಂಬಿ ಹೊಲಿದ ಪುಟ್ಟ ಗಾದಿಯೊಂದು ಚೀಲದಲ್ಲಿ ಹೋಗಿ ಹಾಗೇ ವಾಪಸು ಬರುತ್ತಿತ್ತು. ಈ ದಿನ ನಾನು ಜೊತೆಗಿದ್ದೇನೆ. ಹಾಗಾಗಿ ಮೆಟ್ಟಿಲು ಹತ್ತುತ್ತಾರೆ.

ಹುಡುಗಿಗೆ ಕೂಡಲೇ ಗುರುತು ಸಿಗುತ್ತದೆ. ಕರೀಮಾಬಿ ಗಾದಿಯನ್ನು ಮುಂದೆ ಹಿಡಿದು, "ತಪ್ಪಾತವ್ವಾ," ಎನ್ನುತ್ತಾರೆ.

"ಬಿಡ್ರಿ ಅಮ್ಮಾ, ನಿಮ್ದೇನ್ ತಪ್ಪೈತಿ. ಒಳ್ಳೇದಕ್ಕ ಹೇಳಿದ್ರಿ." ಅವಳು ಗಾದಿಯನ್ನು ಒತ್ತಿ ನೋಡಿ ನಗುತ್ತಾಳೆ. "ಆದ್ರ ಇಲ್ಲಿ ಕುಂದ್ರಂಗಿಲ್ರಿ. ಗಿರಾಕಿ ಮುಂದ ಕುಂತ್ರ ಮಾಲಕರಿಗೆ ಸರಿ ಬರಂಗಿಲ್ಲ."

"ಗಿರಾಕಿ ಇಲ್ಲದಾಗ?"

"ಆವಾಗೂ ಇಲ್ರಿ."

ಗಲ್ಲಾಪೆಟ್ಟಿಗೆಯ ಕಡೆಯಿಂದ ಮಾಲೀಕರು ಕತ್ತೆತ್ತುತ್ತಾರೆ. ಶಿವಗಂಗಾ ಗಾದಿಯನ್ನು ಸೀರೆ ಗಂಟಿನ ಹಿಂದೆ ಸರಿಸಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಕರೀಮಾಬಿ ಬಿಡುವುದಿಲ್ಲ, ಒಂದು ಕೈಯನ್ನು ಮುಂದಕ್ಕೆಳೆದು ನೋಡುತ್ತಾರೆ. ಬೆರಳುಗಳ ತುದಿಯಲ್ಲಿ, ಉಗುರಿನ ಸುತ್ತ, ಚರ್ಮ ಕಿತ್ತು ಕಿತ್ತು ಕೆಂಪಾಗಿದೆ.

ವಾಪಸು ಬರುವ ಬಸ್ಸಿನಲ್ಲಿ ಮಸ್ಕಿಯ ಬೆಟ್ಟ ಕಂಡ ಮೇಲೆ ಕರೀಮಾಬಿ ನನ್ನ ಕಡೆ ತಿರುಗುತ್ತಾರೆ.

"ಪೇಪರಿನ್ಯಾಗ ಬರೀತೀರಲ್ಲ, ನಿಂತು ದುಡಿಯೋ ಹುಡುಗೇರಿಗೆ ಒಂದೊಂದು ಸ್ಟೂಲು ಕೊಡ್ರಿ ಅಂತ ಬರೀರಿ. ಗಾದಿ ನಾ ಹೊಲದು ಕೊಡ್ತೀನಿ, ರೊಕ್ಕ ಬ್ಯಾಡ. ಊರು ಬರದ್ರ ಬರೀರಿ, ಅಂಗಡಿ ಹೆಸರು ಮಾತ್ರ ಬರೀಬ್ಯಾಡ್ರಿ. ನಾ ಒಮ್ಮೆ ಖರೇ ಹೇಳಿ ಆಕಿ ಕುಂತ ಖುರ್ಚಿ ಕಳದೀನಿ. ನೀವು ಆಕಿ ನಿಂತ ನೆಲ ಕಳೀಬ್ಯಾಡ್ರಿ."